ಕಣ್ಣಿನೊಳಗೊಬ್ಬ ಅನಿಲದೂತ

ಪಿಯುಸಿಯಲ್ಲಿ ವಿಜ್ಞಾನ ಓದಿದವರೆಲ್ಲ ಒಮ್ಮೆಯಾದರೂ ಮಾಡಿರುವ ಪ್ರಯೋಗ ಕಂದು ಉಂಗುರ ಪರೀಕ್ಷೆ. ನೈಟ್ರೇಟ್ ಲವಣದ ದ್ರಾವಣಕ್ಕೆ ಆಗತಾನೇ ತಯಾರಿಸಿದ ಫೆರಸ್ ಸಲ್ಫೇಟ್ ದ್ರಾವಣ ಬೆರೆಸಿ, ಪ್ರನಾಳವನ್ನು ಓರೆಯಾಗಿ ಹಿಡಿದು, ಒಳಗೋಡೆಯ ಗುಂಟ ಪ್ರಬಲ ಸಲ್ಫ್ಯೂರಿಕ್ ಆಮ್ಲವನ್ನು ಮೆಲ್ಲಗೆ ಇಳಿಬಿಟ್ಟರೆ ಎರಡು ದ್ರವಗಳು ಕೂಡುವಲ್ಲಿ ಕಂದು ಉಂಗುರ ಮೂಡುತ್ತದೆ. 'ನೈಟ್ರೇಟ್ ಇದೆ' ಎಂದು ದಾಖಲೆ ಪುಸ್ತಕದಲ್ಲಿ ಬರೆದು, ಪ್ರನಾಳ ತೊಳೆದಿಟ್ಟು ಮುಂದಿನ ಲವಣಕ್ಕೆ ಹೋಗುತ್ತೇವೆ. ಆ ಉಂಗುರದಲ್ಲಿ ಏನಿದೆ? ಆಮ್ಲದ ಸಮ್ಮುಖದಲ್ಲಿ ಕಬ್ಬಿಣದ ಫೆರಸ್ ಅಯಾನುಗಳು ನೈಟ್ರೇಟನ್ನು ಅಪಕರ್ಷಿಸಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉಂಟುಮಾಡುತ್ತವೆ. ಆ ಅನಿಲ ಉಳಿದ ಕಬ್ಬಿಣದ ಅಯಾನುಗಳಿಗೆ ಅಂಟಿಕೊಂಡು ಕಂದು ಬಣ್ಣದ ಸಂಕೀರ್ಣವಾಗುತ್ತದೆ.

ನೀವು ಈ ಸಾಲನ್ನು ಓದುತ್ತಿರುವಾಗ ನಿಮ್ಮ ಕಣ್ಣಿನ ಅಕ್ಷಿಪಟಲದಲ್ಲೂ ಅದೇ ಅನಿಲ ಕಬ್ಬಿಣಕ್ಕೆ ಅಂಟುತ್ತಿದೆ. ಅಲ್ಲಿ ಬಣ್ಣದ ಉಂಗುರ ಕಾಣುವುದಿಲ್ಲ, ಅನಿಲದ ಪ್ರಮಾಣ ಅಷ್ಟು ಕಡಿಮೆ. ಆದರೆ ಆ ಅಂಟುವಿಕೆಯಿಂದಲೇ ನರಕೋಶಗಳ ನಡುವಿನ ಕಿಂಡಿಗಳು ಕಿರಿದಾಗುತ್ತವೆ, ರಕ್ತನಾಳಗಳು ಹಿಗ್ಗುತ್ತವೆ. ನೋಟದ ನರವ್ಯವಸ್ಥೆಯಲ್ಲಿ ಈ ಅನಿಲ ಮಾಡುವ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡೋಣ. ಭೌತವಿಜ್ಞಾನ ಕಲಿಸುವವನಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ಈ ದೂತನ ಮಾತು ಎಷ್ಟು ದೂರ ತಲಪುತ್ತದೆ ಎಂಬುದನ್ನು ತೀರ್ಮಾನಿಸುವುದು ವಿಸರಣೆಯ ನಿಯಮ. ಅಲ್ಲಿಂದ ಮುಂದಿನದೆಲ್ಲ ಆ ದೂರವನ್ನೇ ಅವಲಂಬಿಸಿದೆ.

ಎಂಥ ಅಣು?

ಮೊದಲು ಹೆಸರಿನ ಗೊಂದಲ ಪರಿಹರಿಸಿಕೊಳ್ಳೋಣ. ಅರಿವಳಿಕೆಗೆ ಬಳಸುವ 'ನಗೆ ಅನಿಲ' ನೈಟ್ರಸ್ ಆಕ್ಸೈಡ್. ಅದರಲ್ಲಿ ಎರಡು ನೈಟ್ರೊಜನ್ ಪರಮಾಣುಗಳಿವೆ. ಕಂದು ಬಣ್ಣದ, ಮೂಗಿಗೆ ಅಡರುವ ಅನಿಲ ನೈಟ್ರೊಜನ್ ಡೈಆಕ್ಸೈಡ್. ನಮ್ಮ ನೈಟ್ರಿಕ್ ಆಕ್ಸೈಡ್ ಒಂದು ನೈಟ್ರೊಜನ್, ಒಂದು ಆಕ್ಸಿಜನ್ ಅಷ್ಟೇ ಇರುವ ಬಣ್ಣವಿಲ್ಲದ ಅನಿಲ. ಮಿಂಚು ಹೊಡೆದಾಗ, ವಾಹನದ ಎಂಜಿನ್ ಉರಿದಾಗ ಗಾಳಿಯಲ್ಲಿ ಹುಟ್ಟುತ್ತದೆ.

ನೈಟ್ರೊಜನ್‌ನ 7 ಮತ್ತು ಆಕ್ಸಿಜನ್‌ನ 8 ಕೂಡಿ ಅದರಲ್ಲಿ 15 ಇಲೆಕ್ಟ್ರಾನುಗಳು. ಸಂಖ್ಯೆ ಬೆಸವಾದ್ದರಿಂದ ಒಂದಕ್ಕೆ ಜೋಡಿ ಇಲ್ಲ. ಹಾಗಾಗಿ ಇದೊಂದು ಮುಕ್ತ ರ್‍ಯಾಡಿಕಲ್. ಕಬ್ಬಿಣದಂಥ ಲೋಹವನ್ನೋ ಇನ್ನೊಂದು ರ್‍ಯಾಡಿಕಲ್ಲನ್ನೋ ಕಂಡರೆ ಬಿಡದೆ ಹಿಡಿದುಕೊಳ್ಳುತ್ತದೆ. ವಿದ್ಯುದಾವೇಶವಿಲ್ಲ, ಗಾತ್ರ ಕಿರಿದು, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಜೀವಕೋಶದ ಪೊರೆ ಮುಖ್ಯವಾಗಿ ಕೊಬ್ಬಿನದ್ದೇ ಆದ್ದರಿಂದ ಅದು ಈ ಅಣುವಿಗೆ ತಡೆಯೇ ಅಲ್ಲ.

ಇಂಥ ಅನಿಲವನ್ನು ದೇಹ ತಾನೇ ತಯಾರಿಸಿ ಸಂದೇಶಕ್ಕೆ ಬಳಸುತ್ತದೆಂದು 1980ಕ್ಕೆ ಮೊದಲು ಯಾರಾದರೂ ಹೇಳಿದ್ದರೆ ನಗುತ್ತಿದ್ದರು. ಆ ವರ್ಷ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್, ಅಸಿಟೈಲ್‌ಕೋಲಿನ್ ಕೊಟ್ಟಾಗ ರಕ್ತನಾಳ ಸಡಿಲಗೊಳ್ಳಬೇಕಾದರೆ ಅದರ ಒಳಪದರ ಹಾನಿಯಾಗದೆ ಉಳಿದಿರಬೇಕು, ಆ ಪದರದಿಂದ ಯಾವುದೋ ವಸ್ತು ಹೊರಟು ಸ್ನಾಯುವಿಗೆ ಸಡಿಲಗೊಳ್ಳಲು ಹೇಳುತ್ತದೆ ಎಂದು ತೋರಿಸಿದರು. ಅದಕ್ಕೆ ಮೊದಲೇ 1977ರಲ್ಲಿ ಫೆರಿಡ್ ಮುರಾಡ್, ಹೃದಯದ ನೋವಿಗೆ ಕೊಡುವ ನೈಟ್ರೊಗ್ಲಿಸರಿನ್‌ನಿಂದ ನೈಟ್ರಿಕ್ ಆಕ್ಸೈಡ್ ಹೊರಬರುತ್ತದೆಂದು ಕಂಡುಕೊಂಡಿದ್ದರು. ಈ ಎರಡು ಎಳೆಗಳು 1986-87ರಲ್ಲಿ ಕೂಡಿದವು: ಫರ್ಚ್‌ಗಾಟ್ ಅವರ ಅನಾಮಧೇಯ ವಸ್ತು ನೈಟ್ರಿಕ್ ಆಕ್ಸೈಡೇ. ಫರ್ಚ್‌ಗಾಟ್, ಮುರಾಡ್ ಮತ್ತು ಲೂಯಿಸ್ ಇಗ್ನಾರೊ ಅವರಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂತು. ನೈಟ್ರೊಗ್ಲಿಸರಿನ್‌ನಿಂದ ಡೈನಮೈಟ್ ಮಾಡಿ ಹಣ ಗಳಿಸಿದ ಆಲ್ಫ್ರೆಡ್ ನೊಬೆಲ್‌ಗೇ ಕೊನೆಗಾಲದಲ್ಲಿ ವೈದ್ಯರು ಹೃದಯದ ನೋವಿಗೆ ನೈಟ್ರೊಗ್ಲಿಸರಿನ್ ಬರೆದುಕೊಟ್ಟಿದ್ದರು.

ಮಿದುಳಿನ ಕತೆ ಶುರುವಾದದ್ದು 1988ರಲ್ಲಿ. ಬ್ರಿಟನ್ನಿನ ಜಾನ್ ಗಾರ್ತ್‌ವೇಟ್ ಮತ್ತು ಸಂಗಡಿಗರು, ಕಿರುಮಿದುಳಿನ ನರಕೋಶಗಳನ್ನು ಗ್ಲುಟಮೇಟ್ ಮೂಲಕ ಪ್ರಚೋದಿಸಿದಾಗ ಇದೇ ವಸ್ತು ಹೊರಬೀಳುತ್ತದೆಂದು ತೋರಿಸಿದರು. 1990ರಲ್ಲಿ ಡೇವಿಡ್ ಬ್ರೆಟ್ ಮತ್ತು ಸಾಲೊಮನ್ ಸ್ನೈಡರ್ ಇದನ್ನು ತಯಾರಿಸುವ ಕಿಣ್ವವನ್ನು ಮಿದುಳಿನಿಂದ ಬೇರ್ಪಡಿಸಿದರು. ಆ ಕಿಣ್ವ ಎಲ್ಲಿದೆ ಎಂದು ಹುಡುಕುತ್ತ ಹೋದವರಿಗೆ ಅದು ಅಕ್ಷಿಪಟಲದಲ್ಲಿ ಸಿಕ್ಕಿತು, ಥಲಾಮಸ್‌ನಲ್ಲಿ ಸಿಕ್ಕಿತು, ಮಿದುಳಿನ ದೃಷ್ಟಿ ತೊಗಟೆಯಲ್ಲೂ ಸಿಕ್ಕಿತು. ನೋಟದ ದಾರಿಯ ಉದ್ದಕ್ಕೂ ಅದು ಇತ್ತು.

ದಾಸ್ತಾನು ಇಲ್ಲದ ದೂತ

ಸಾಮಾನ್ಯ ನರವಾಹಕಗಳ ವ್ಯವಸ್ಥೆ ನಿಮಗೆ ಗೊತ್ತೇ ಇದೆ. ಗ್ಲುಟಮೇಟನ್ನೇ ತೆಗೆದುಕೊಳ್ಳಿ. ಅದನ್ನು ಮೊದಲೇ ಮಾಡಿ ಪುಟ್ಟ ಕೋಶಿಕೆಗಳಲ್ಲಿ ತುಂಬಿಟ್ಟಿರುತ್ತದೆ. ನರಸ್ಪಂದ ಬಂದಾಗ ಕೋಶಿಕೆ ಒಡೆದು ಗ್ಲುಟಮೇಟ್ ಸುಮಾರು 20 ನ್ಯಾನೊಮೀಟರ್ ಅಗಲದ ಸಂದನ್ನು ದಾಟಿ ಎದುರಿನ ಗ್ರಾಹಕಕ್ಕೆ ಅಂಟುತ್ತದೆ. ಕಳಿಸುವವರು ಯಾರು, ಪಡೆಯುವವರು ಯಾರು ಎಂಬುದು ನಿಶ್ಚಿತ. ಹೆಚ್ಚುಕಡಿಮೆ ಇಬ್ಬರ ನಡುವಿನ ದೂರವಾಣಿ ಮಾತುಕತೆಯ ಹಾಗೆ.

ನೈಟ್ರಿಕ್ ಆಕ್ಸೈಡನ್ನು ಹೀಗೆ ತುಂಬಿಡಲು ಸಾಧ್ಯವಿಲ್ಲ, ಯಾವ ಕೋಶಿಕೆಯ ಪೊರೆಯೂ ಅದನ್ನು ಹಿಡಿದಿಡಲಾರದು. ಹಾಗಾಗಿ ಬೇಕಾದಾಗ ಬೇಕಾದಷ್ಟು ಮಾಡಿಕೊಳ್ಳಬೇಕು. ನರಕೋಶದೊಳಗೆ ಕ್ಯಾಲ್ಸಿಯಂ ಅಯಾನುಗಳು ನುಗ್ಗಿದಾಗ, ಕ್ಯಾಲ್‌ಮಾಡ್ಯುಲಿನ್ ಎಂಬ ಪ್ರೋಟೀನಿನ ಮೂಲಕ, ನೈಟ್ರಿಕ್ ಆಕ್ಸೈಡ್ ಸಿಂಥೇಸ್ ಕಿಣ್ವ ಎಚ್ಚರಗೊಳ್ಳುತ್ತದೆ. ಅದು ಆರ್ಜಿನೀನ್ ಎಂಬ ಅಮೈನೊ ಆಮ್ಲವನ್ನೂ ಆಕ್ಸಿಜನ್ನನ್ನೂ ಬಳಸಿ ನೈಟ್ರಿಕ್ ಆಕ್ಸೈಡ್ ಮಾಡುತ್ತದೆ, ಸಿಟ್ರುಲಿನ್ ಉಳಿಯುತ್ತದೆ. ಈ ಕಿಣ್ವದಲ್ಲಿ ಮೂರು ಬಗೆ: ನರಕೋಶದ್ದು, ರಕ್ತನಾಳದ ಒಳಪದರದ್ದು, ಮತ್ತು ಉರಿಯೂತದ ಸಮಯದಲ್ಲಿ ರಕ್ಷಣಾ ಕೋಶಗಳು ಹೊಸದಾಗಿ ತಯಾರಿಸಿಕೊಳ್ಳುವಂಥದ್ದು. ಮೊದಲ ಎರಡು ಕ್ಯಾಲ್ಸಿಯಂ ಏರಿಳಿದಂತೆ ಕೆಲಸ ಮಾಡಿ ನಿಲ್ಲುತ್ತವೆ. ಮೂರನೆಯದು ಒಮ್ಮೆ ಹುಟ್ಟಿತೆಂದರೆ ಗಂಟೆಗಟ್ಟಲೆ, ದಿನಗಟ್ಟಲೆ ಅನಿಲ ಸುರಿಸುತ್ತಲೇ ಇರುತ್ತದೆ. ಈ ಮೂರನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹುಟ್ಟಿದ ಅನಿಲ ಹುಡುಕುವುದು ಗ್ವಾನೈಲೇಟ್ ಸೈಕ್ಲೇಸ್ ಎಂಬ ಇನ್ನೊಂದು ಕಿಣ್ವವನ್ನು. ಅದರ ಎದೆಯಲ್ಲಿ ಹಿಮೊಗ್ಲೋಬಿನ್‌ನಲ್ಲಿರುವಂಥದೇ ಹೀಮ್, ಹೀಮ್‌ನ ನಡುವೆ ಒಂದು ಕಬ್ಬಿಣದ ಪರಮಾಣು. ವಿಶೇಷವೆಂದರೆ ಈ ಕಬ್ಬಿಣ ಆಕ್ಸಿಜನ್ನನ್ನು ಹಿಡಿಯುವುದಿಲ್ಲ, ನೈಟ್ರಿಕ್ ಆಕ್ಸೈಡನ್ನು ಮಾತ್ರ ಗಟ್ಟಿಯಾಗಿ ಹಿಡಿಯುತ್ತದೆ. ಹಿಡಿದೊಡನೆ ಕಿಣ್ವದ ವೇಗ ನೂರಾರು ಪಟ್ಟು ಏರಿ, ಸೈಕ್ಲಿಕ್ ಜಿಎಂಪಿ ಎಂಬ ಪುಟ್ಟ ಅಣು ಕೋಶದೊಳಗೆ ಹೇರಳವಾಗುತ್ತದೆ. ಮುಂದಿನ ಕೆಲಸಗಳೆಲ್ಲ, ಅಯಾನು ಕಾಲುವೆಗಳನ್ನು ತೆರೆಯುವುದಾಗಲಿ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವುದಾಗಲಿ, ಹೆಚ್ಚಾಗಿ ಈ ಸೈಕ್ಲಿಕ್ ಜಿಎಂಪಿಯ ಮೂಲಕವೇ.

ಎಷ್ಟು ದೂರ?

ತಂತಿ ಇಲ್ಲ, ಗೋಡೆ ಇಲ್ಲ. ಹಾಗಾದರೆ ಈ ಅನಿಲ ಎಲ್ಲಿಯವರೆಗೆ ಹೋಗುತ್ತದೆ? ಈ ಲೇಖನದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಇಲ್ಲಿ. ಕಾಗದ ಪೆನ್ಸಿಲು ತೆಗೆದುಕೊಳ್ಳಿ.

ವಿಸರಣೆಯಲ್ಲಿ ಅಣು ಕುಡಿದವನಂತೆ ದಿಕ್ಕು ಬದಲಿಸುತ್ತ ನಡೆಯುತ್ತದೆ. ಅದು ಕ್ರಮಿಸುವ ದೂರ ಕಾಲಕ್ಕೆ ಅನುಪಾತದಲ್ಲಿಲ್ಲ, ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿದೆ. ಇಲಿಯ ಮಿದುಳಿನೊಳಗೆ ಕೂದಲಿಗಿಂತ ಸಪೂರವಾದ ಇಲೆಕ್ಟ್ರೋಡುಗಳನ್ನಿಟ್ಟು ಅಳೆದಾಗ ನೈಟ್ರಿಕ್ ಆಕ್ಸೈಡಿನ ವಿಸರಣಾಂಕ ಸೆಕೆಂಡಿಗೆ ಸುಮಾರು 2200 ಚದರ ಮೈಕ್ರೊಮೀಟರ್ ಎಂದು ಸಿಕ್ಕಿದೆ. 20 ನ್ಯಾನೊಮೀಟರ್ ಸಂದನ್ನು ದಾಟಲು ಅದಕ್ಕೆ ಒಂದು ಮೈಕ್ರೊಸೆಕೆಂಡಿನ ಹತ್ತನೇ ಒಂದಂಶವೂ ಬೇಡ. 10 ಮೈಕ್ರೊಮೀಟರ್, ಅಂದರೆ ಒಂದು ನರಕೋಶದ ಒಡಲಿನಷ್ಟು ದೂರಕ್ಕೆ 8 ಮಿಲಿಸೆಕೆಂಡ್. 100 ಮೈಕ್ರೊಮೀಟರಿಗೆ ಮುಕ್ಕಾಲು ಸೆಕೆಂಡ್. ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು.

ಆದರೆ ಅಣು ಅಷ್ಟು ಹೊತ್ತು ಬದುಕಿರಬೇಕಲ್ಲ! ಅದನ್ನು ನುಂಗಲು ಸುತ್ತ ಹಲವರು ಕಾದಿದ್ದಾರೆ. ಎಲ್ಲರಿಗಿಂತ ದೊಡ್ಡ ಬಕಾಸುರ ರಕ್ತದ ಹಿಮೊಗ್ಲೋಬಿನ್. ಆಕ್ಸಿಜನ್ ಹೊತ್ತ ಹಿಮೊಗ್ಲೋಬಿನ್‌ಗೆ ಸಿಕ್ಕ ನೈಟ್ರಿಕ್ ಆಕ್ಸೈಡ್ ನೈಟ್ರೇಟ್ ಆಗಿಬಿಡುತ್ತದೆ. ಪ್ರನಾಳದಲ್ಲಿ ಕಬ್ಬಿಣ ನೈಟ್ರೇಟಿನಿಂದ ಅನಿಲ ಮಾಡಿತು, ಇಲ್ಲಿ ಕಬ್ಬಿಣವೇ ಅನಿಲವನ್ನು ನೈಟ್ರೇಟಿಗೆ ಮರಳಿಸುತ್ತದೆ. ಜೀವಂತ ಇಲಿಯ ಮಿದುಳಿನಲ್ಲಿ ಅಳೆದ ಅರ್ಧಾಯು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಮಿದುಳಿನ ತೆಳು ಹೋಳುಗಳ ಮೇಲೆ ಗಾರ್ತ್‌ವೇಟ್ ಗುಂಪು ಮಾಡಿದ ಅಳತೆಗಳು ಹೇಳುವುದು ಕೇವಲ 10 ಮಿಲಿಸೆಕೆಂಡ್.

ಎರಡನ್ನೂ ಲೆಕ್ಕಕ್ಕೆ ಹಾಕೋಣ. ಒಂದು ಬಿಂದುವಿನಿಂದ ಅನಿಲ ಸತತವಾಗಿ ಹೊರಬರುತ್ತ, ದಾರಿಯಲ್ಲಿ ಒಂದೇ ದರದಲ್ಲಿ ನಾಶವಾಗುತ್ತಿದ್ದರೆ, ಅದರ ಸಾರತೆ ದೂರದೊಂದಿಗೆ ಎರಡು ಕಾರಣಗಳಿಂದ ಇಳಿಯುತ್ತದೆ. ದೂರ ಹೆಚ್ಚಿದಷ್ಟೂ ವಿಲೋಮಾನುಪಾತದಲ್ಲಿ ಒಂದು ಇಳಿಕೆ, ಅದರ ಮೇಲೆ ಘಾತೀಯವಾಗಿ ಇನ್ನೊಂದು. ಎಂ.ಎಸ್ಸಿ. ಭೌತವಿಜ್ಞಾನದ ವಿದ್ಯಾರ್ಥಿಗಳು ಇದನ್ನು ನೋಡಿದ ಕೂಡಲೇ ಗುರುತಿಸಬೇಕು: ಪರಮಾಣು ಬೀಜದೊಳಗಿನ ಬಲಕ್ಕೆ ಯುಕಾವಾ ಬರೆದ ಸೂತ್ರದ ರೂಪವೂ ಇದೇ. ಅಲ್ಲಿ ಬಲದ ವ್ಯಾಪ್ತಿಯನ್ನು ಮೆಸಾನಿನ ದ್ರವ್ಯರಾಶಿ ನಿರ್ಧರಿಸಿದರೆ, ಇಲ್ಲಿ ಸಂದೇಶದ ವ್ಯಾಪ್ತಿಯನ್ನು ಅಣುವಿನ ಆಯುಸ್ಸು ನಿರ್ಧರಿಸುತ್ತದೆ. ವ್ಯಾಪ್ತಿ ಎಂದರೆ ವಿಸರಣಾಂಕ ಮತ್ತು ಸರಾಸರಿ ಆಯುಸ್ಸುಗಳ ಗುಣಲಬ್ಧದ ವರ್ಗಮೂಲ. ಅರ್ಧಾಯುವನ್ನು 0.693ರಿಂದ ಭಾಗಿಸಿದರೆ ಸರಾಸರಿ ಆಯುಸ್ಸು. ಅರ್ಧಾಯು 0.6 ಸೆಕೆಂಡ್ ಎಂದಿಟ್ಟುಕೊಂಡರೆ ವ್ಯಾಪ್ತಿ ಸುಮಾರು 44 ಮೈಕ್ರೊಮೀಟರ್. 10 ಮಿಲಿಸೆಕೆಂಡ್ ಎಂದಾದರೆ 5.6 ಮೈಕ್ರೊಮೀಟರ್.

ಗಮನಿಸಿ: ಆಯುಸ್ಸು 60 ಪಟ್ಟು ಇಳಿದಾಗ ವ್ಯಾಪ್ತಿ ಇಳಿದದ್ದು 8 ಪಟ್ಟು ಮಾತ್ರ. ಆದರೆ ಸಂದೇಶ ಮುಟ್ಟುವ ಗೋಳದ ಗಾತ್ರ ಇಳಿದದ್ದು ಸುಮಾರು 465 ಪಟ್ಟು. ಅಕ್ಷಿಪಟಲದ ಒಟ್ಟು ದಪ್ಪವೇ ಕಾಲು ಮಿಲಿಮೀಟರ್ ಆಸುಪಾಸು. ಅದರೊಳಗೆ ನರಕೋಶಗಳು ಪರಸ್ಪರ ಮಾತಾಡುವ ಒಳ ಜಾಲಪದರ ಕೆಲವೇ ಹತ್ತು ಮೈಕ್ರೊಮೀಟರ್ ದಪ್ಪ. ಆ ಪದರದಲ್ಲೂ ಉಪಪದರಗಳಿವೆ. ಬೆಳಕು ಹೆಚ್ಚಾದಾಗ ಸ್ಪಂದಿಸುವ ಕೋಶಗಳ ಸಂಪರ್ಕಗಳು ಒಂದು ಮಟ್ಟದಲ್ಲಿ, ಬೆಳಕು ಕಡಿಮೆಯಾದಾಗ ಸ್ಪಂದಿಸುವವು ಇನ್ನೊಂದು ಮಟ್ಟದಲ್ಲಿ. ವ್ಯಾಪ್ತಿ 44 ಮೈಕ್ರೊಮೀಟರ್ ಆದರೆ ಒಂದು ಕೋಶ ಹೊರಬಿಟ್ಟ ಅನಿಲ ಇಡೀ ಪದರಕ್ಕೆ ಡಂಗುರ ಸಾರಿದಂತೆ. 5.6 ಆದರೆ ಒಂದೇ ಉಪಪದರದ ಕಿವಿಯಲ್ಲಿ ಪಿಸುಗುಟ್ಟಿದಂತೆ. ಒಂದೇ ಅಣು, ಒಂದೇ ಕೋಶ. ಆಯುಸ್ಸು ಬದಲಾದರೆ ಕೆಲಸವೇ ಬೇರೆ.

ಇದರಲ್ಲಿ ಯಾವುದು ನಿಜ? ಬೋಸ್ಟನ್ ವಿಶ್ವವಿದ್ಯಾಲಯದ ವಿಲಿಯಂ ಎಲ್ಡ್ರೆಡ್ ಗುಂಪು 2000ದ ಸುಮಾರಿಗೆ, ನೈಟ್ರಿಕ್ ಆಕ್ಸೈಡ್ ಇದ್ದಲ್ಲಿ ಪ್ರತಿದೀಪ್ತಿ ತೋರುವ ವರ್ಣದ್ರವ್ಯ ಬಳಸಿ ಆಮೆಯ ಅಕ್ಷಿಪಟಲದ ಚಿತ್ರ ತೆಗೆಯಿತು. ಹೊಳಪು ಮೋಡದಂತೆ ಹರಡಿರಲಿಲ್ಲ, ನಿರ್ದಿಷ್ಟ ಕೋಶಗಳಲ್ಲೂ ಅವುಗಳ ಎಳೆಗಳಲ್ಲೂ ಇತ್ತು. ಪಿಸುಮಾತಿನ ಪಕ್ಷಕ್ಕೆ ಇದು ಬಲ. ಆದರೆ ವರ್ಣದ್ರವ್ಯ ತಾನೇ ಅನಿಲವನ್ನು ಹಿಡಿದು ಮುಗಿಸುತ್ತದೆ, ಹೊಳೆಯುವ ಉತ್ಪನ್ನ ಹುಟ್ಟಿದಲ್ಲೇ ಉಳಿಯುತ್ತದೆ. ಜಾಲ ಒಡ್ಡಿ ಮೀನು ಹಿಡಿದ ಜಾಗದಲ್ಲಿ ಮಾತ್ರ ಮೀನಿತ್ತು ಎಂದು ಹೇಳಲು ಬರುವುದಿಲ್ಲ. ನನ್ನ ಮಟ್ಟಿಗೆ ಸಾರತೆಯ ಅಂದಾಜುಗಳು ಹೆಚ್ಚು ಮನವರಿಕೆ ಮಾಡುತ್ತವೆ. ಮೊದಲ ವರ್ಷಗಳಲ್ಲಿ ಅಂಗಾಂಶದಲ್ಲಿ ಮೈಕ್ರೊಮೋಲಾರ್ ಮಟ್ಟದ ಅನಿಲವಿದೆ ಎಂದು ಬರೆಯುತ್ತಿದ್ದರು. 2009ರಲ್ಲಿ ಕ್ಯಾಥರಿನ್ ಹಾಲ್ ಮತ್ತು ಗಾರ್ತ್‌ವೇಟ್ ಅದುವರೆಗಿನ ಸಾಕ್ಷ್ಯಗಳನ್ನೆಲ್ಲ ಒರೆಹಚ್ಚಿ, ನಿಜವಾದ ಮಟ್ಟ 0.1ರಿಂದ 5 ನ್ಯಾನೊಮೋಲಾರ್ ಎಂದು ವಾದಿಸಿದರು. 1 ನ್ಯಾನೊಮೋಲಾರ್ ಎಂದರೆ ಎಷ್ಟು? ಪ್ರತಿ ಬದಿ 10 ಮೈಕ್ರೊಮೀಟರ್ ಇರುವ ಘನದಲ್ಲಿ ಸುಮಾರು 600 ಅಣುಗಳು. ಬದಿ 1 ಮೈಕ್ರೊಮೀಟರ್ ಆದರೆ ಸರಾಸರಿ ಒಂದು ಅಣುವೂ ಇಲ್ಲ! ಬೆರಳೆಣಿಕೆಯ ಅಣುಗಳಿಂದ ನಡೆಯುವ ಸಂದೇಶವನ್ನು ಡಂಗುರ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಆದರೆ ಹಲವು ಕೋಶಗಳು ಒಟ್ಟಿಗೆ ಅನಿಲ ಬಿಟ್ಟರೆ ಪಿಸುಮಾತುಗಳು ಕೂಡಿ ಗದ್ದಲವಾಗಬಹುದು.

ಅಕ್ಷಿಪಟಲದಲ್ಲಿ

ಇನ್ನು ಅಕ್ಷಿಪಟಲಕ್ಕೆ ಬರೋಣ. ಮಂದ ಬೆಳಕಿಗೆ ದಂಡಕೋಶಗಳು ಸುಮಾರು 12 ಕೋಟಿ, ಹಗಲಿಗೆ ಹಾಗೂ ಬಣ್ಣಕ್ಕೆ ಶಂಕುಕೋಶಗಳು ಸುಮಾರು 60 ಲಕ್ಷ. ಇವುಗಳ ಸಂದೇಶವನ್ನು ದ್ವಿಧ್ರುವ ಕೋಶಗಳು ಒಳಕ್ಕೆ ತಂದು ಗ್ಯಾಂಗ್ಲಿಯಾನ್ ಕೋಶಗಳಿಗೆ ಒಪ್ಪಿಸುತ್ತವೆ. ಅವುಗಳ ಎಳೆಗಳು, ಹತ್ತು ಲಕ್ಷದಷ್ಟು, ಸೇರಿ ದೃಷ್ಟಿನರವಾಗುತ್ತದೆ. ದಾರಿಯ ಮಧ್ಯೆ ಅಡ್ಡಡ್ಡ ಸಂಪರ್ಕ ಕಲ್ಪಿಸುವವು ಎರಡು ಬಗೆಯ ಕೋಶಗಳು: ಹೊರಗಡೆ ಅಡ್ಡಕೋಶಗಳು, ಒಳಗಡೆ ಅಮಾಕ್ರೀನ್ ಕೋಶಗಳು. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಸಸ್ತನಿಗಳ ಅಕ್ಷಿಪಟಲದಲ್ಲಿ ಎದ್ದು ಕಾಣುವುದು ಕೆಲವು ಅಮಾಕ್ರೀನ್ ಕೋಶಗಳಲ್ಲಿ. ಬೆಳಕು, ಅದರಲ್ಲೂ ಮಿನುಗುವ ಬೆಳಕು ಬಿದ್ದಾಗ ಅನಿಲದ ಉತ್ಪತ್ತಿ ಹೆಚ್ಚುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಗ ಹುಟ್ಟುತ್ತದೆ, ಅಧ್ಯಾಪಕರು ಎಚ್ಚರ ವಹಿಸುವುದು ಒಳ್ಳೆಯದು. ದಂಡ ಮತ್ತು ಶಂಕುಕೋಶಗಳು ಬೆಳಕನ್ನು ಗುರುತಿಸುವುದೂ ಸೈಕ್ಲಿಕ್ ಜಿಎಂಪಿಯಿಂದಲೇ. ಕತ್ತಲಲ್ಲಿ ಅದು ಅಯಾನು ಕಾಲುವೆಗಳನ್ನು ತೆರೆದಿಟ್ಟಿರುತ್ತದೆ. ಬೆಳಕು ಬಿದ್ದಾಗ ಒಂದು ಕಿಣ್ವ ಅದನ್ನು ಒಡೆಯುತ್ತದೆ, ಕಾಲುವೆಗಳು ಮುಚ್ಚುತ್ತವೆ, ಆ ಬದಲಾವಣೆಯೇ ಸಂದೇಶ. ಹಾಗಿದ್ದರೆ ನೈಟ್ರಿಕ್ ಆಕ್ಸೈಡೇ ನೋಟದ ಮೂಲ ಎಂದು ಹೇಳಿಬಿಡಬಹುದೇ? ಇಲ್ಲ. ಬೆಳಕು ಹಿಡಿಯುವ ಭಾಗದಲ್ಲಿ ಸೈಕ್ಲಿಕ್ ಜಿಎಂಪಿ ತಯಾರಿಸುವ ಕಿಣ್ವ ಪೊರೆಗೆ ಅಂಟಿದ ಬೇರೊಂದು ಜಾತಿಯದು, ಅದರಲ್ಲಿ ಹೀಮ್ ಇಲ್ಲ. ಅದು ಕ್ಯಾಲ್ಸಿಯಂ ಮಾತು ಕೇಳುತ್ತದೆಯೇ ಹೊರತು ನೈಟ್ರಿಕ್ ಆಕ್ಸೈಡಿನ ಮಾತನ್ನಲ್ಲ. ಈ ಅನಿಲದ ಕೆಲಸ ಬೆಳಕನ್ನು ಕಾಣುವುದಲ್ಲ. ಕಂಡದ್ದನ್ನು ಸಾಗಿಸುವ ಜಾಲವನ್ನು ಇರುವ ಬೆಳಕಿಗೆ ತಕ್ಕಂತೆ ಹೊಂದಿಸುವುದು.

ಹೊಂದಿಸುವ ಅಗತ್ಯವೇನು? ನಕ್ಷತ್ರಗಳ ಬೆಳಕಿಗೂ ನಡುಹಗಲಿನ ಬಿಸಿಲಿಗೂ ನೂರು ಕೋಟಿ ಪಟ್ಟಿನಷ್ಟು ಅಂತರವಿದೆ. ಪಾಪೆ ಹಿಗ್ಗಿ ಕುಗ್ಗಿ ನಿಭಾಯಿಸುವುದು ಹತ್ತಾರು ಪಟ್ಟು ಮಾತ್ರ. ಉಳಿದದ್ದು ಅಕ್ಷಿಪಟಲದ ಹೊಣೆ. ಕತ್ತಲಲ್ಲಿ ಒಂದೊಂದು ಫೋಟಾನೂ ಅಮೂಲ್ಯ. ಅಕ್ಕಪಕ್ಕದ ಕೋಶಗಳು ಸಿಕ್ಕಿದ್ದನ್ನು ಒಟ್ಟುಗೂಡಿಸಿಕೊಳ್ಳಬೇಕು, ಚಿತ್ರ ಮಸುಕಾದರೂ ಚಿಂತೆಯಿಲ್ಲ. ಹಗಲಿನಲ್ಲಿ ಬೆಳಕು ಧಾರಾಳ. ಆಗ ಪ್ರತಿ ಕೋಶ ತನ್ನ ಜಾಗದ ಸುದ್ದಿಯನ್ನು ಬೇರೆಯದರೊಂದಿಗೆ ಬೆರೆಸದೆ ಕಳಿಸಿದರೆ ಚಿತ್ರ ಸ್ಫುಟ. ಹಂಚಿಕೊಳ್ಳುವ ಉಪಾಯವೆಂದರೆ ಗ್ಯಾಪ್ ಜಂಕ್ಷನ್ ಎಂಬ ಕಿರುಸುರಂಗಗಳು. ಪಕ್ಕದ ಕೋಶಗಳ ನಡುವೆ ಅಯಾನುಗಳು ನೇರವಾಗಿ ಇವುಗಳಲ್ಲಿ ಹರಿಯುತ್ತವೆ. ಆಮೆ, ಮೀನುಗಳ ಅಡ್ಡಕೋಶಗಳ ಮೇಲೆ 1989-90ರ ಹೊತ್ತಿಗೇ ನಡೆದ ಪ್ರಯೋಗಗಳಲ್ಲಿ, ಸೈಕ್ಲಿಕ್ ಜಿಎಂಪಿ ಅಥವಾ ಆರ್ಜಿನೀನ್ ಕೊಟ್ಟರೆ ಈ ಸುರಂಗಗಳು ಕಿರಿದಾಗುತ್ತವೆಂದು ಗೊತ್ತಾಗಿತ್ತು.

ಎಲ್ಲಕ್ಕಿಂತ ಅಂದವಾದ ಪ್ರಯೋಗ, ನನ್ನ ಎಣಿಕೆಯಲ್ಲಿ, 1995ರಲ್ಲಿ ಟೆಕ್ಸಾಸಿನ ಸ್ಟೀಫನ್ ಮಿಲ್ಸ್ ಮತ್ತು ಸ್ಟೀಫನ್ ಮ್ಯಾಸಿ ಮೊಲದ ಅಕ್ಷಿಪಟಲದಲ್ಲಿ ಮಾಡಿದ್ದು. ಸಸ್ತನಿಗಳಲ್ಲಿ ದಂಡಕೋಶಗಳ ಸುದ್ದಿಗೆ ಸ್ವಂತ ರಸ್ತೆ ಪೂರ್ತಿ ಇಲ್ಲ. ಅದು 'ಎ-2' ಎಂಬ ಅಮಾಕ್ರೀನ್ ಕೋಶದವರೆಗೆ ಬಂದು, ಅಲ್ಲಿಂದ ಕಿರುಸುರಂಗದ ಮೂಲಕ ಶಂಕುಕೋಶಗಳ ದ್ವಿಧ್ರುವ ಕೋಶಕ್ಕೆ ಸೇರಿಕೊಂಡು, ಹಗಲಿನ ರಸ್ತೆಯನ್ನೇ ಬಳಸಿ ಮುಂದೆ ಹೋಗುತ್ತದೆ. ಎ-2 ಕೋಶಗಳಿಗೆ ಪರಸ್ಪರ ಸುರಂಗಗಳೂ ಇವೆ. ಮಿಲ್ಸ್ ಮತ್ತು ಮ್ಯಾಸಿ ಒಂದು ಎ-2 ಕೋಶಕ್ಕೆ ಪತ್ತೆಕಾರಕ ಅಣುಗಳನ್ನು ಚುಚ್ಚಿ ಅವು ಎಲ್ಲೆಲ್ಲಿ ಹರಡುತ್ತವೆಂದು ನೋಡಿದರು. ಡೋಪಮಿನ್ ಹಾದಿಯ ಸಂಕೇತ ಕೊಟ್ಟಾಗ ಎ-2ಗಳ ನಡುವಣ ಸುರಂಗ ಕಿರಿದಾಯಿತು. ನೈಟ್ರಿಕ್ ಆಕ್ಸೈಡ್ ಅಥವಾ ಸೈಕ್ಲಿಕ್ ಜಿಎಂಪಿ ಕೊಟ್ಟಾಗ ಎ-2ರಿಂದ ಶಂಕು ದ್ವಿಧ್ರುವಕ್ಕೆ ಹೋಗುವ ಸುರಂಗ ಕಿರಿದಾಯಿತು. ಒಂದೇ ಕೋಶದ ಎರಡು ಬಾಗಿಲಿಗೆ ಎರಡು ಬೇರೆ ಬೀಗದ ಕೈ! ಹಗಲಾದಾಗ ರಾತ್ರಿಯ ಹಾದಿಯನ್ನು ಹಗಲಿನ ಹಾದಿಯಿಂದ ಬಿಡಿಸುವ ಕೆಲಸ ಈ ಅನಿಲದ ಪಾಲಿಗೆ ಬಂದಿದೆ ಎಂದು ಇದರಿಂದ ತಿಳಿಯಬಹುದು. ಎಲ್ಲ ಕಡೆಯೂ ಅದರ ಪರಿಣಾಮ ಮುಚ್ಚುವುದೇ ಎಂದು ಭಾವಿಸಬೇಡಿ. ಬೆಳಕು ಹೆಚ್ಚಾದಾಗ ಸ್ಪಂದಿಸುವ ದ್ವಿಧ್ರುವ ಕೋಶಗಳಲ್ಲಿ ಸೈಕ್ಲಿಕ್ ಜಿಎಂಪಿ ಮಂದ ಬೆಳಕಿಗೆ ಸ್ಪಂದನವನ್ನು ಹೆಚ್ಚಿಸುತ್ತದೆ.

ರಕ್ತನಾಳಗಳ ವಿಷಯದಲ್ಲಿ ಮನುಷ್ಯರಿಂದಲೇ ನೇರ ಸಾಕ್ಷ್ಯವಿದೆ. ಕಣ್ಣಿಗೆ ಮಿನುಗುವ ಬೆಳಕು ಬಿಟ್ಟರೆ ಅಕ್ಷಿಪಟಲದ ರಕ್ತನಾಳಗಳು ಹಿಗ್ಗುತ್ತವೆ. ದುಡಿಯುವ ಕೋಶಗಳಿಗೆ ಹೆಚ್ಚು ರಕ್ತ ಬೇಕು. 2003ರಲ್ಲಿ ವಿಯೆನ್ನಾದ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ ನೈಟ್ರಿಕ್ ಆಕ್ಸೈಡ್ ಉತ್ಪತ್ತಿ ತಡೆಯುವ ಔಷಧ ಕೊಟ್ಟು ನೋಡಿದಾಗ ಈ ಹಿಗ್ಗುವಿಕೆ ಕಡಿಮೆಯಾಯಿತು. ಮಧುಮೇಹಿಗಳಲ್ಲಿ ಈ ಸ್ಪಂದನ ಔಷಧವಿಲ್ಲದೆಯೇ ಕುಗ್ಗಿರುತ್ತದೆ. ಹೊರಗಿನಿಂದ ಕ್ಯಾಮೆರಾ ಹಿಡಿದು ಅಳೆಯಬಹುದಾದ್ದರಿಂದ ರೋಗದ ಮುನ್ಸೂಚನೆಗೆ ಇದು ನೆರವಾದೀತೆಂಬ ನಿರೀಕ್ಷೆ ಇದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿರುವಾಗ ಈ ನಿರೀಕ್ಷೆ ಸಣ್ಣದೇನಲ್ಲ.

ಕಣ್ಣಿನ ಹಿಂದೆ

ದೃಷ್ಟಿನರ ಮಿದುಳಿಗೆ ಹೋಗುವ ಹಾದಿಯಲ್ಲಿ ಥಲಾಮಸ್ ಒಂದು ಠಾಣೆ. ಅಲ್ಲಿಗೆ ಕಣ್ಣಿನಿಂದ ಬರುವ ಎಳೆಗಳಲ್ಲದೆ ಮಿದುಳಿನ ಕಾಂಡದಿಂದಲೂ ಎಳೆಗಳು ಬರುತ್ತವೆ. ನಾವು ಎಚ್ಚರದಲ್ಲಿರುವಾಗ ಅವು ಚುರುಕು. ಅಸಿಟೈಲ್‌ಕೋಲಿನ್ ಜೊತೆಗೆ ಅವು ನೈಟ್ರಿಕ್ ಆಕ್ಸೈಡನ್ನೂ ತಯಾರಿಸುತ್ತವೆ. ಸ್ಪೇನಿನ ಹಾವಿಯೆರ್ ಕುಡೇರೊ ಮತ್ತು ಸಂಗಡಿಗರು 1990ರ ದಶಕದಲ್ಲಿ ಬೆಕ್ಕುಗಳಲ್ಲಿ ಈ ಉತ್ಪತ್ತಿಯನ್ನು ತಡೆದಾಗ, ಕಣ್ಣ ಮುಂದೆ ಅದೇ ಚಿತ್ರವಿದ್ದರೂ ಥಲಾಮಸ್ ಕೋಶಗಳ ಸ್ಪಂದನ ಇಳಿಯಿತು. ನಿದ್ದೆಗಣ್ಣಿನಲ್ಲಿ ಎದುರಿಗಿದ್ದದ್ದೂ ತಲೆಗೆ ಹೋಗದಿರುವುದರ ಹಿಂದೆ ಇಂಥ ಕಾರಣಗಳಲ್ಲಿ ಇದೂ ಒಂದಿರಬಹುದು.

ಮಿದುಳು ಬೆಳೆಯುವ ಹಂತದಲ್ಲಿ ಇನ್ನೊಂದು ಕೆಲಸ. ಎಳೆಗಳು ಮೊದಲು ಎಲ್ಲೆಂದರಲ್ಲಿ ಹಬ್ಬುತ್ತವೆ, ಆಮೇಲೆ ಬೇಡದವು ಉದುರುತ್ತವೆ. ಕೋಳಿಯ ಭ್ರೂಣದಲ್ಲಿ ನೈಟ್ರಿಕ್ ಆಕ್ಸೈಡ್ ತಡೆದರೆ ಉದುರಬೇಕಾದ ಎಳೆಗಳು ಉಳಿದುಕೊಳ್ಳುತ್ತವೆಂದು 1994ರಲ್ಲಿ ವರದಿಯಾಯಿತು. ಐಐಟಿ ಕಾನ್ಪುರದಲ್ಲಿ ಓದಿ ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾದ ಮೃಗಾಂಕ ಸುರ್ ಅವರ ಗುಂಪು 1996ರಲ್ಲಿ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಯಲ್ಲಿ ಇದನ್ನು ನೋಡಿತು. ಬೆಳಕಿಗೂ ಕತ್ತಲಿಗೂ ಸ್ಪಂದಿಸುವ ಎಳೆಗಳು ಥಲಾಮಸ್‌ನಲ್ಲಿ ಬೇರೆಬೇರೆ ಪದರಗಳಾಗಿ ವಿಂಗಡವಾಗಲು ಈ ಅನಿಲ ಬೇಕು. ಆದರೆ ದೃಷ್ಟಿ ತೊಗಟೆಯಲ್ಲಿ ಎಡಗಣ್ಣು ಬಲಗಣ್ಣುಗಳ ಪಾಲು ಹಂಚಿಕೆ ಅನಿಲವನ್ನು ತಡೆದಾಗಲೂ ಎಂದಿನಂತೆ ನಡೆಯಿತು. ಒಂದು ಕಡೆ ಸಿಕ್ಕ ಫಲಿತಾಂಶವನ್ನು ಇಡೀ ಮಿದುಳಿಗೆ ಅನ್ವಯಿಸುವ ಆತುರ ಸಲ್ಲದು.

ಹೆಚ್ಚಾದರೆ

ಇದುವರೆಗೆ ಸೇವಕನ ಕತೆ. ಈಗ ಆ ಮೂರನೆಯ ಕಿಣ್ವವನ್ನು ನೆನಪಿಸಿಕೊಳ್ಳಿ. ಅನಿಲ ಬೇಕಾದ್ದಕ್ಕಿಂತ ಹೆಚ್ಚಾಗಿ, ಹತ್ತಿರದಲ್ಲೇ ಸೂಪರಾಕ್ಸೈಡ್ ಎಂಬ ಇನ್ನೊಂದು ರ್‍ಯಾಡಿಕಲ್ ಇದ್ದರೆ, ಎರಡೂ ಭೇಟಿಯಾದ ಕೂಡಲೇ ಕೂಡಿಕೊಂಡು ಪೆರಾಕ್ಸಿನೈಟ್ರೈಟ್ ಆಗುತ್ತವೆ. ಈ ಕ್ರಿಯೆಯ ವೇಗಕ್ಕೆ ಮಿತಿ ವಿಸರಣೆಯೊಂದೇ. ಪೆರಾಕ್ಸಿನೈಟ್ರೈಟ್ ಪ್ರೋಟೀನು, ಕೊಬ್ಬು, ಡಿಎನ್‌ಎ ಯಾವುದನ್ನೂ ಬಿಡದೆ ಕೆಡಿಸುತ್ತದೆ.

ಗ್ಲಾಕೋಮದಲ್ಲಿ ಗ್ಯಾಂಗ್ಲಿಯಾನ್ ಕೋಶಗಳು ಸದ್ದಿಲ್ಲದೆ ಸಾಯುತ್ತವೆ. ರೋಗಿಗೆ ಗೊತ್ತಾಗುವಷ್ಟರಲ್ಲಿ ಕಳೆದ ನೋಟ ಮರಳದು. ಈ ಸಾವಿಗೆ ಅತಿಯಾದ ನೈಟ್ರಿಕ್ ಆಕ್ಸೈಡ್ ಕಾರಣವೇ? 1999ರಲ್ಲಿ ಆರ್ಥರ್ ನ್ಯೂಫೆಲ್ಡ್ ಗುಂಪು, ಕಣ್ಣಿನ ಒತ್ತಡ ಏರಿಸಿದ ಇಲಿಗಳಿಗೆ ಮೂರನೆಯ ಕಿಣ್ವವನ್ನು ತಡೆಯುವ ಅಮಿನೊಗ್ವಾನಿಡಿನ್ ಕೊಟ್ಟು, ಕೋಶಗಳ ಸಾವು ಬಹಳ ಕಡಿಮೆಯಾಯಿತೆಂದು ವರದಿ ಮಾಡಿತು. ದೊಡ್ಡ ಭರವಸೆ ಹುಟ್ಟಿತು. ಆದರೆ 2005ರಲ್ಲಿ ಇನ್ನೊಂದು ಗುಂಪು ಒತ್ತಡವನ್ನು ಬೇರೆ ವಿಧಾನದಿಂದ ಏರಿಸಿ ಇದನ್ನೇ ಮಾಡಿದಾಗ ಆ ಕಿಣ್ವ ಹೆಚ್ಚಾದದ್ದೂ ಕಾಣಲಿಲ್ಲ, ಔಷಧದಿಂದ ರಕ್ಷಣೆಯೂ ಸಿಗಲಿಲ್ಲ. ಆ ದಾರಿ ಅಲ್ಲಿಗೆ ಮಂಕಾಯಿತು.

ವಿಚಿತ್ರವೆಂದರೆ ಅದೇ ರೋಗಕ್ಕೆ ಔಷಧ ಬಂದದ್ದು ತದ್ವಿರುದ್ಧ ದಿಕ್ಕಿನಿಂದ. ಕಣ್ಣಿನ ಮುಂಭಾಗದ ದ್ರವ ಜಾಲರಿಯಂಥ ಅಂಗಾಂಶದ ಮೂಲಕ ಹೊರಹರಿಯಬೇಕು. ನೈಟ್ರಿಕ್ ಆಕ್ಸೈಡ್ ಆ ಜಾಲರಿಯನ್ನು ಸಡಿಲಿಸಿ ಹರಿವು ಹೆಚ್ಚಿಸುತ್ತದೆ, ಒತ್ತಡ ಇಳಿಯುತ್ತದೆ. ಹಳೆಯ ಗ್ಲಾಕೋಮ ಔಷಧ ಲ್ಯಾಟನೊಪ್ರೊಸ್ಟ್‌ಗೆ ಈ ಅನಿಲ ಬಿಡುವ ತುಣುಕೊಂದನ್ನು ಜೋಡಿಸಿದ ಲ್ಯಾಟನೊಪ್ರೊಸ್ಟೀನ್ ಬ್ಯೂನಾಡ್ ಹನಿಗಳಿಗೆ ಅಮೆರಿಕದ ಔಷಧ ಆಡಳಿತ 2017ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಕಣ್ಣಿನ ಹಿಂಭಾಗದಲ್ಲಿ ಅನುಮಾನದಿಂದ ನೋಡಿದ ಅಣುವನ್ನೇ ಮುಂಭಾಗದಲ್ಲಿ ಹನಿಸಬಹುದಾದದ್ದು, ಹಿಂದಿನ ಲೆಕ್ಕದಂತೆ, ಅದರ ವ್ಯಾಪ್ತಿ ಮಿಲಿಮೀಟರಿನ ಚಿಕ್ಕ ಅಂಶ ಮಾತ್ರ ಎಂಬುದರಿಂದ. ವ್ಯಾಯಾಮಶಾಲೆಗಳಲ್ಲಿ 'ನೈಟ್ರಿಕ್ ಆಕ್ಸೈಡ್ ಹೆಚ್ಚಿಸುವ' ಪುಡಿಗಳನ್ನು ಮಾರುವವರು ಈ ವ್ಯತ್ಯಾಸ ಹೇಳುವುದಿಲ್ಲ. ನುಂಗಿದ ಆರ್ಜಿನೀನ್ ದೇಹದ ಯಾವ ಮೂಲೆಯಲ್ಲಿ ಅನಿಲವಾಗಬೇಕೆಂದು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಸಿಲ್ಡೆನಾಫಿಲ್ ಮಾತ್ರೆ ನುಂಗಿದ ಕೆಲವರಿಗೆ ಕೆಲವು ಗಂಟೆ ಲೋಕವೆಲ್ಲ ನೀಲಿಯಾಗಿ ಕಾಣುವುದುಂಟು. ರಕ್ತನಾಳದಲ್ಲಿ ಸೈಕ್ಲಿಕ್ ಜಿಎಂಪಿಯನ್ನು ಒಡೆಯುವ ಕಿಣ್ವವನ್ನು ತಡೆಯಲು ಮಾಡಿದ ಈ ಔಷಧ, ದಂಡ ಮತ್ತು ಶಂಕುಕೋಶಗಳಲ್ಲಿರುವ ಅದರ ದಾಯಾದಿ ಕಿಣ್ವವನ್ನೂ ಅಲ್ಪಸ್ವಲ್ಪ ತಡೆಯುತ್ತದೆ. ನೀಲಿ ತಾನಾಗಿ ಹೋಗುತ್ತದೆ. ಹೃದಯಕ್ಕಾಗಿ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನೂ ನುಂಗಿದರೆ ಮಾತ್ರ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು: ಒಂದು ಸೈಕ್ಲಿಕ್ ಜಿಎಂಪಿಯನ್ನು ಸುರಿಯುತ್ತದೆ, ಇನ್ನೊಂದು ಅದನ್ನು ಒಡೆಯಲು ಬಿಡುವುದಿಲ್ಲ.

ಶಾಲೆಗಳಿಗೆ ತೀರ ಹತ್ತಿರದ ವಿಷಯವೊಂದು ಉಳಿದಿದೆ: ಸಮೀಪದೃಷ್ಟಿ. ಕೋಳಿಮರಿಯ ಕಣ್ಣಿಗೆ ಮಸುಕು ಮುಸುಕು ಹಾಕಿದರೆ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದು ಸಮೀಪದೃಷ್ಟಿ ಬರುತ್ತದೆ. ಅಟ್ರೊಪಿನ್ ಕೊಟ್ಟರೆ ಇದು ನಿಲ್ಲುತ್ತದೆ. ಕೆನಡಾದ ಕ್ಯಾಲ್ಗರಿಯ ಬ್ರಿಟನಿ ಕಾರ್ ಮತ್ತು ವಿಲಿಯಂ ಸ್ಟೆಲ್ 2016ರಲ್ಲಿ ತೋರಿಸಿದಂತೆ, ನೈಟ್ರಿಕ್ ಆಕ್ಸೈಡ್ ಉತ್ಪತ್ತಿಯನ್ನು ತಡೆದರೆ ಅಟ್ರೊಪಿನ್ ನಾಟುವುದಿಲ್ಲ. ಅನಿಲದ ಮೂಲವನ್ನೇ ಕಣ್ಣಿಗೆ ಚುಚ್ಚಿದರೆ ಅಟ್ರೊಪಿನ್ ಇಲ್ಲದೆಯೂ ಬೆಳವಣಿಗೆ ತಗ್ಗುತ್ತದೆ. ಮಕ್ಕಳಲ್ಲಿ ಸಮೀಪದೃಷ್ಟಿಯ ಓಟ ತಗ್ಗಿಸಲು ವೈದ್ಯರು ಬಳಸುವ ದುರ್ಬಲ ಅಟ್ರೊಪಿನ್ ಹನಿಗಳೂ ಇದೇ ಹಾದಿ ಹಿಡಿಯುತ್ತವೆಯೆಂದು ಕೋಳಿಮರಿಯನ್ನು ನೋಡಿ ಹೇಳಲಾಗದು. ಬಯಲಿನ ಬೆಳಕಿನ ಪರಿಣಾಮಕ್ಕೆ ಮಾತ್ರ ಮಕ್ಕಳದೇ ಅಂಕಿಗಳಿವೆ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಪ್ರತಿ ಶಾಲಾದಿನ 40 ನಿಮಿಷದ ಹೆಚ್ಚುವರಿ ಬಯಲು ಅವಧಿ ಇಟ್ಟು ಮೂರು ವರ್ಷ ನೋಡಿದ ಪ್ರಯೋಗದ ಫಲ 2015ರಲ್ಲಿ ಪ್ರಕಟವಾಯಿತು: ಬಯಲಿಗೆ ಹೋದವರಲ್ಲಿ ಸಮೀಪದೃಷ್ಟಿ ಹೊಸದಾಗಿ ಬಂದದ್ದು ಶೇಕಡ 30.4, ಉಳಿದವರಲ್ಲಿ ಶೇಕಡ 39.5. ಆ ಅಂತರದಲ್ಲಿ ಡೋಪಮಿನ್‌ನ ಪಾಲೆಷ್ಟು, ನೈಟ್ರಿಕ್ ಆಕ್ಸೈಡಿನ ಪಾಲೆಷ್ಟು ಎಂದು ಅಳೆಯಲು ಇಲಿಯ ಮಿದುಳಿಗಿಳಿಸಿದ ಇಲೆಕ್ಟ್ರೋಡನ್ನು ಮಗುವಿನ ಕಣ್ಣಿಗೆ ಇಳಿಸುವಂತಿಲ್ಲ. ಅಕ್ಷಿಪಟಲವನ್ನು ಮುಟ್ಟದೆ, ಹೊರಗಿನಿಂದಲೇ ಈ ಅನಿಲವನ್ನು ಎಣಿಸುವ ಉಪಾಯಕ್ಕೆ ಭೌತವಿಜ್ಞಾನದ ವಿದ್ಯಾರ್ಥಿಗಳು ಯಾರಾದರೂ ಕೈಹಾಕಬೇಕು.